ಹಳೆ ಎಲ್‌ಪಿ ಕವರ್‌ಗಳನ್ನು ಗೋಡೆಗೆ ಹಾಕಬೇಕು: ಮುಂಬಯಿ ಮಳೆಗಾಲದಲ್ಲಿ ಉಳಿಸುವುದು ಹೇಗೆ?

ಗೋರೆಗಾಂವ್ ಗ್ರಾಮಫೋನ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಸುಮಾರು 40 ಎಲ್‌ಪಿ (ಲಾಂಗ್‌ಪ್ಲೇ ಗ್ರಾಮಫೋನ್ ತಟ್ಟೆ) ಕವರ್‌ಗಳಿವೆ. ಮುಕ್ಕಾಲು ಪಾಲು 1960–70ರ ದಶಕದ ಹಿಂದಿ ಸಿನಿಮಾದವು, ಏಳೆಂಟು ಗಿಟಾರ್ ಮತ್ತು ಅಕಾರ್ಡಿಯನ್ ವಾದನದವು, ಉಳಿದವು ವಿದೇಶಿ. ಕೆಲವದರ ಒಳಗೆ ತಟ್ಟೆಯೇ ಇಲ್ಲ. ನನಗೆ ಬೇಕಾಗಿರುವುದೂ ಕವರೇ: ಗುಲಾಬಿ ಮುಖದ ನಾಯಕ, ಹಸಿರು ನೆರಳು ಬಿದ್ದ ಖಳನಾಯಕ, ಆಕಾಶದಲ್ಲಿ ತೇಲುವ ಐದು ತಲೆಗಳು, ಒಳಗಿನ ಸಂಗೀತಕ್ಕೆ ಯಾವ ಸಂಬಂಧವೂ ಇಲ್ಲದೆ ಗಿಟಾರ್ ಹಿಡಿದು ನಿಂತ ಹುಡುಗಿ. ಆ ಅತಿಯೇ ಅವುಗಳ ಚೆಂದ. ಹತ್ತು ಹನ್ನೆರಡನ್ನು ಚೌಕಟ್ಟು ಹಾಕಿಸಿ ಹಾಲ್‌ನಲ್ಲಿ ತೂಗುಹಾಕಬೇಕು ಅಂತಿದೆ.

ಕೇಳಬೇಕಾದದ್ದು ಇಷ್ಟು. ಜಿಡ್ಡು, ಬೆಲೆಚೀಟಿ, ಹಳೆ ಸೆಲೊಟೇಪ್, ಪೆನ್ನಿನಲ್ಲಿ ಬರೆದ ಹೆಸರು, ಇವನ್ನು ತೆಗೆಯುವುದು ಹೇಗೆ? ನಾಲ್ಕೈದರ ಅಂಚು ಬಿಟ್ಟುಕೊಂಡಿದೆ, ಫೆವಿಕಾಲ್ ಹಚ್ಚಬಹುದೇ? ಹಾಲ್‌ನ ದೊಡ್ಡ ಗೋಡೆ ಪಶ್ಚಿಮದ ಹೊರಗೋಡೆ, ಅಲ್ಲಿ ಹಾಕಬಹುದೇ? ಇನ್ನೊಂದು, ಎರಡು ಕವರ್‌ಗಳ ಬಣ್ಣ ತೀರಾ ಹೊಸದಾಗಿದೆ. ಅವು ನಕಲು ಅಂತ ಪತ್ತೆಹಚ್ಚುವುದು ಹೇಗೆ?

ಕುರ್ಲಾ ಕುಂದಾಪುರ

ಮೊದಲು 40 ಕವರನ್ನೂ ಎರಡು ರಾಶಿ ಮಾಡಿ ಮಾರಾಯ್ರೆ. ಲ್ಯಾಮಿನೇಶನ್, ಅಂದರೆ ಮೇಲೆ ತೆಳು ಪ್ಲಾಸ್ಟಿಕ್ ಫಿಲ್ಮ್, ಇದ್ದದ್ದು ಒಂದು, ಬರೀ ಕಾಗದದ್ದು ಒಂದು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಗೊತ್ತಾಗ್ತದೆ: ಫಿಲ್ಮ್ ಇದ್ದರೆ ಕನ್ನಡಿಯ ಹಾಗೆ ಹೊಳಪು, ಮೂಲೆಯಲ್ಲಿ ಸಣ್ಣಗೆ ಎದ್ದು ಬಂದಿರುವುದೂ ಕಾಣ್ತದೆ. ಆ ಕಾಲದ ಎಷ್ಟೋ ಕವರ್‌ಗಳಲ್ಲಿ ಫಿಲ್ಮ್ ಮುಂಭಾಗಕ್ಕೆ ಮಾತ್ರ. ಅದೇ ಕಾಗದವನ್ನು ಮೂರು ಕಡೆ ಅರ್ಧ ಇಂಚು ಹಿಂದಕ್ಕೆ ಮಡಚಿ ಅಂಟಿಸಿರ್ತಾರೆ, ಬೆನ್ನಿನದ್ದು ಬರೀ ಕಾಗದ. ಹಾಗಾಗಿ ಒಂದೇ ಕವರಿಗೆ ಮುಂದೆ ಒಂದು ನಿಯಮ, ಹಿಂದೆ ಇನ್ನೊಂದು. ಇದನ್ನು ನೋಡದೆ ಒದ್ದೆ ಬಟ್ಟೆ ಹಾಕಿದರೆ ಬೆನ್ನಿನ ಕಾಗದ ಉಬ್ಬುತ್ತದೆ, ಒಣಗಿದ ಮೇಲೂ ಅಲೆಅಲೆಯಾಗಿ ಉಳಿಯುತ್ತದೆ.

ಲ್ಯಾಮಿನೇಶನ್ ಇರುವ ಭಾಗಕ್ಕೆ: ಕಾಲು ಲೀಟರ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡೇ ಹನಿ. ಮೈಕ್ರೋಫೈಬರ್ ಬಟ್ಟೆ ಅದ್ದಿ, ಹನಿ ಬೀಳದ ಹಾಗೆ ಗಟ್ಟಿಯಾಗಿ ಹಿಂಡಿ. ನಡುವಿನಿಂದ ಅಂಚಿನ ಕಡೆಗೆ ಒರೆಸಿ, ಅಂಚಿಗೆ ಬರುವಾಗ ಅರ್ಧ ಸೆಂಟಿಮೀಟರ್ ಮೊದಲೇ ನಿಲ್ಲಿಸಿ. ಫಿಲ್ಮ್‌ನ ಅಂಚಿನಿಂದ ನೀರು ಒಳಗೆ ಹೋದರೆ ಕಾಗದ ಮತ್ತು ಫಿಲ್ಮ್ ಬೇರೆಯಾಗಿ ಬೆಳ್ಳಿ ಬಣ್ಣದ ಗುಳ್ಳೆ ಬರುತ್ತದೆ, ಅದಕ್ಕೆ ಮತ್ತೆ ಮದ್ದಿಲ್ಲ. ಕೂಡಲೇ ಒಣ ಬಟ್ಟೆಯಿಂದ ಒರೆಸಿ. ಎದ್ದ ಫಿಲ್ಮನ್ನು ಕೂರಿಸಲು ಇಸ್ತ್ರಿಪೆಟ್ಟಿಗೆ ಇಡುವವರಿದ್ದಾರೆ, ದಯವಿಟ್ಟು ಬೇಡ. ಬಿಸಿಗೆ ಫಿಲ್ಮ್ ಸುರುಟಿ ಚಿತ್ರವನ್ನೂ ಜೊತೆಗೆ ಎಳೆದುಕೊಳ್ತದೆ.

ಬರೀ ಕಾಗದದ ಭಾಗಕ್ಕೆ ನೀರು ಬೇಡವೇ ಬೇಡ. ಮೃದುವಾದ ಪೇಂಟ್ ಬ್ರಷ್‌ನಿಂದ ಧೂಳು ತೆಗೆದು, ಬಿಳಿ ಪ್ಲಾಸ್ಟಿಕ್ ರಬ್ಬರಿನಲ್ಲಿ ಒಂದೇ ದಿಕ್ಕಿಗೆ ಹಗುರಾಗಿ ಉಜ್ಜಿ. ಬಣ್ಣವಿರುವ ಜಾಗದಲ್ಲಿ ಮೊದಲು ಮೂಲೆಯಲ್ಲಿ ನೋಡಿ, ರಬ್ಬರಿಗೆ ಕೆಂಪು ಹತ್ತಿದರೆ ಅಲ್ಲಿಗೇ ಬಿಡಿ.

ಬೆಲೆಚೀಟಿ ಫಿಲ್ಮ್ ಮೇಲಿದ್ದರೆ ಸುಲಭ. ಸಿಗರೇಟ್ ಲೈಟರಿಗೆ ತುಂಬುವ ಪೆಟ್ರೋಲ್ ಬರ್ತದಲ್ಲ, ಅದನ್ನು ಹತ್ತಿಯ ಕಡ್ಡಿಯಲ್ಲಿ ಚೀಟಿಯ ಅಂಚಿಗೆ ತಾಗಿಸಿ ಅರ್ಧ ನಿಮಿಷ ಬಿಟ್ಟು, ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ನಿಧಾನಕ್ಕೆ ಎಬ್ಬಿಸಿ. ಕಿಟಕಿ ತೆರೆದಿರಲಿ, ಒಲೆ ಹತ್ತಿರ ಇರಬಾರದು. ಸೀಮೆಎಣ್ಣೆ ಹಾಕಬೇಡಿ, ಅದರ ಎಣ್ಣೆ ಹಿಂದೆ ಉಳಿಯುತ್ತದೆ. ನೇಲ್‌ಪಾಲಿಶ್ ರಿಮೂವರ್ ಅಂತೂ ಮುಟ್ಟಲೇಬೇಡಿ. ಅದರಲ್ಲಿ ಅಸಿಟೋನ್ ಉಂಟು, ಹಳೆಯ ಅಸಿಟೇಟ್ ಫಿಲ್ಮ್ ಅಸಿಟೋನಿಗೆ ಕರಗಿ ಹೋಗ್ತದೆ. ಚೀಟಿ ಹೋಗುತ್ತದೆ, ಜೊತೆಗೆ ನಾಯಕಿಯ ಕೆನ್ನೆಯೂ.

ಸೆಲೊಟೇಪ್ ಬರೀ ಕಾಗದದ ಮೇಲಿದ್ದರೆ ಹೇರ್ ಡ್ರೈಯರಿನ ಕಡಿಮೆ ಬಿಸಿಯನ್ನು ಒಂದು ಗೇಣು ದೂರದಿಂದ 20–30 ಸೆಕೆಂಡ್ ಕೊಟ್ಟು, ಟೇಪನ್ನು ಅದರ ಮೇಲೆಯೇ ಹಿಂದಕ್ಕೆ ಮಡಚಿದ ಹಾಗೆ ಎಳೆಯಬೇಕು. ಮೇಲಕ್ಕೆತ್ತಿ ಎಳೆದರೆ ಕಾಗದದ ಪದರ ಕಿತ್ತು ಬರ್ತದೆ. ಹಳದಿ ಕಲೆ ಕಾಗದಕ್ಕೆ ಇಳಿದಿದ್ದರೆ ಅದು ಹೋಗುವುದಿಲ್ಲ. ಉಜ್ಜಿ ಉಜ್ಜಿ ತೂತು ಮಾಡುವುದಕ್ಕಿಂತ ಕಲೆಯೇ ಮೇಲು.

ಪೆನ್ನಿನ ಹೆಸರು ಹಾಗೇ ಇರಲಿ. ಬಾಲ್‌ಪೆನ್ನಿನ ಶಾಯಿಗೆ ಸ್ಯಾನಿಟೈಜರ್ ಹಾಕಿದರೆ ಶಾಯಿ ಹರಡಿ ನೀಲಿ ಮೋಡ ಆಗ್ತದೆ. ಅಂದದ ಕೈಬರಹದಲ್ಲಿ ಯಾರೋ ತಾರೀಕು ಹಾಕಿದ್ದರೆ ಅದು ಆ ಕವರಿನ ಒಂದು ಭಾಗವೇ.

ಬೂಷ್ಟು ಹಿಡಿದದ್ದಿದ್ದರೆ ಇವತ್ತೇ ಬೇರೆ ಚೀಲಕ್ಕೆ ಹಾಕಿ. ಒಣ ಹವೆ ಇರುವ ದಿನ, ಮನೆಯ ಹೊರಗೆ, ಎನ್‌95 ಮಾಸ್ಕ್ ಹಾಕಿಕೊಂಡು ಬ್ರಷ್ ಮಾಡಿ. ಒದ್ದೆ ಇರುವಾಗ ಒರೆಸಿದರೆ ಬೂಷ್ಟು ಕಾಗದದ ಎಳೆಗೆ ಮೆತ್ತಿಕೊಳ್ತದೆ. ಪೂರ್ತಿ ಒಣಗಿ ಪುಡಿಯಾದ ಮೇಲೆಯೇ ತೆಗೆಯುವುದು. ಬಿಸಿಲಿಗೆ ಇಡುವ ಅಭ್ಯಾಸ ನಮ್ಮಲ್ಲುಂಟು, ಹಪ್ಪಳಕ್ಕೆ ಸರಿ, ಕವರಿಗೆ ಅಲ್ಲ. ಫ್ಯಾನಿನ ಕೆಳಗೆ ನೆರಳಲ್ಲಿ ಎರಡು ದಿನ ಸಾಕು.

ಸದಾಶಿವಪೇಟೆ ಸ್ಟೈಲಸ್

ಕುಂದಾಪುರದವರು ಹೇಳಿದ್ದಕ್ಕೆ ನನ್ನದೂ ಹೂಂ. ಅಂಚಿನ ವಿಷಯ ನಾನು ಹೇಳ್ತೀನಿ, ಯಾಕಂದ್ರ ಫೆವಿಕಾಲ್‌ನಿಂದ ಹಾಳಾದ ಕವರ್ ಪುಣೆ ಜುನಾ ಬಜಾರದಾಗ ಬುಧವಾರ, ರವಿವಾರ ಎರಡೂ ದಿನ ನೋಡಾಕ ಸಿಗ್ತಾವ.

ಮಾಮೂಲಿ ಬಿಳಿ ಫೆವಿಕಾಲ್ ಒಣಗಿದ ಮ್ಯಾಲೆ ಗಟ್ಟಿ ಆಗ್ತದ, ಮುಂದ ಬಿಚ್ಚಾಕ ಬರೂದಿಲ್ಲ. ಕವರ್ ಬಗ್ಗಿದಾಗ ಅಂಟು ಬಗ್ಗೂದಿಲ್ಲ, ಅದರ ಪಕ್ಕದ ಕಾಗದ ಸೀಳ್ತದ. ಅಂದ್ರ ಹೊಸ ಸೀಳು ಹಳೇ ಸೀಳಿನ ಎರಡು ಮಿಲಿಮೀಟರ್ ಆಚೆ. ಮೈದಾ ಅಂಟೂ ಬ್ಯಾಡ್ರಿ, ಸಿಲ್ವರ್‌ಫಿಶ್ ಹುಳಕ್ಕ ಅದು ಊಟ.

ಅಂಟಿಗೆ ಮೀಥೈಲ್ ಸೆಲ್ಯುಲೋಸ್ ಪುಡಿ ತಗೊಳ್ರಿ. 3 ಗ್ರಾಂ ಪುಡಿಯನ್ನ 40 ಮಿ.ಲೀ. ಬಿಸಿ ನೀರಿನಾಗ ಕಲಸ್ರಿ. ಬಿಸಿ ನೀರಾಗ ಅದು ಕರಗೂದಿಲ್ಲ, ಬರೇ ಗಂಟಿಲ್ಲದಂಗ ಹರಡ್ತದ. ಆಮ್ಯಾಲೆ 60 ಮಿ.ಲೀ. ತಣ್ಣೀರು ಹಾಕಿ ಕಲಸಿ ರಾತ್ರಿ ಬಿಡ್ರಿ, ತಣ್ಣಗಾದಂಗ ಕರಗಿ ಬೆಳಿಗ್ಗೆ ತಿಳಿ ಲೋಳೆ ಆಗಿರ್ತದ. ಮೊದಲೇ ತಣ್ಣೀರಿಗೆ ಸುರಿದ್ರ ಗಂಟು ಕಟ್ಟಿ ಕೂಡ್ತದ. ಹಿಂದಕ್ಕ ಮಡಚಿದ ಅಂಚು ಎದ್ದಿದ್ರ ಇಷ್ಟೇ ಸಾಕು. ದಪ್ಪ ರಟ್ಟಿನ ಅಂಚು ಪೂರ್ತಿ ಸೀಳಿದ್ರ, ಬುಕ್ ಬೈಂಡಿಂಗಿನವರು ಬಳಸೋ ಆಮ್ಲ ಇಲ್ಲದ ಪಿವಿಎ ಅಂಟನ್ನ ಇದಕ್ಕ ಅರ್ಧಕ್ಕರ್ಧ ಸೇರಿಸ್ರಿ.

ಸೀಳಿಗೆ ಒಳಗಿನಿಂದ ಹತ್ತಿಸೋ ಪಟ್ಟಿಗೆ ಜಪಾನಿ ಟಿಶ್ಯೂ (ತೆಳು, ಗಟ್ಟಿ ಕಾಗದ) ಸಿಕ್ರ ಉತ್ತಮ, ಇಲ್ಲಾಂದ್ರ ತೆಳು ನೇಪಾಳಿ ಕಾಗದ. ಪಟ್ಟಿ 20 ಮಿ.ಮೀ. ಅಗಲ ಇರಲಿ, ಕತ್ತರಿಯಿಂದ ಕತ್ತರಿಸಬ್ಯಾಡ್ರಿ. ಒದ್ದೆ ಬ್ರಷ್‌ನಿಂದ ಗೆರೆ ಎಳೆದು ಕೈಯಿಂದ ಹರೀರಿ. ಅಂಚಿನ್ಯಾಗ ಎಳೆ ಬಿಟ್ಟಿರಬೇಕು, ಆಗ ಅದು ಕಾಗದದಾಗ ಲೀನ ಆಗ್ತದ, ಗೆರೆ ಕಾಣೂದಿಲ್ಲ. ಉದ್ದಕ್ಕ ನಡುವ ಮಡಚಿ, ಕವರಿನ ಒಳಬದಿಯಿಂದ ಅರ್ಧ ಮುಂದಿನ ರಟ್ಟಿಗೆ, ಅರ್ಧ ಹಿಂದಿನದಕ್ಕ ಹತ್ತಿಸ್ರಿ. 31 ಸೆಂ.ಮೀ. ಒಂದೇ ಪಟ್ಟಿ ಹಾಕಾಕ ಹೋಗಬ್ಯಾಡ್ರಿ, ಒಳಗ ಕೈ ಆಡೂದಿಲ್ಲ, ಸೊಟ್ಟ ಹತ್ತಿ ಅಲ್ಲೇ ಹಿಡಕೋತದ. 10 ಸೆಂ.ಮೀ.ದ ಮೂರು ತುಂಡು ಮಾಡ್ರಿ.

ಮರೆಯಬಾರದ್ದು: ಅಂಟು ಹಚ್ಚಿದ ಕೂಡಲೇ ಬಟರ್ ಪೇಪರ್ ಸುತ್ತಿದ ರಟ್ಟನ್ನ ಕವರಿನ ಒಳಗ ತೂರಿಸ್ರಿ. ಇಲ್ಲಾಂದ್ರ ಮುಂದಿನ ರಟ್ಟು ಹಿಂದಿನದಕ್ಕ ಅಂಟಿ ಕವರ್ ಚಪಾತಿ ಆಗ್ತದ. ಮ್ಯಾಲೆ ಇನ್ನೊಂದು ಬಟರ್ ಪೇಪರ್, ಅದರ ಮ್ಯಾಲೆ ನಾಲ್ಕೈದು ದಪ್ಪ ಪುಸ್ತಕ. ಪುಣೆಯಾಗ ಬ್ಯಾಸಿಗಿ ಇದ್ರ ನಾಲ್ಕು ತಾಸು, ನಿಮ್ಮಲ್ಲಿ ಜುಲೈನಾಗ 24 ತಾಸು ಬಿಡ್ರಿ.

ಅಂಚು ಯಾಕ ಸೀಳ್ತದ ಅನ್ನೂದೂ ತಿಳಕೊಳ್ರಿ. ಕವರ್ ನಿಲ್ಲಿಸಿ ಇಟ್ಟಾಗ ತಟ್ಟೆಯ ಭಾರ ಎಲ್ಲಾ ಕೆಳಗಿನ ಅಂಚಿನ ಒಂದೇ ಬಿಂದುವಿನ ಮ್ಯಾಲೆ ಬೀಳ್ತದ. ಪ್ರತಿ ಸಲ ಎತ್ತಿ ಕುಕ್ಕಿದಾಗ ಅದೇ ಜಾಗಕ್ಕ ಪೆಟ್ಟು. ತಟ್ಟೆಯನ್ನ ಕವರಿನ ಹೊರಗ ತಗದು, ಒಳಚೀಲದ ಜೊತೆ ಕವರಿನ ಹಿಂದ ಇಟ್ಟು, ಎರಡನ್ನೂ ಒಂದೇ ಪಾಲಿಪ್ರೊಪೈಲಿನ್ ಹೊರಚೀಲದಾಗ ಹಾಕಿದ್ರ ಸೀಳೂ ನಿಲ್ತದ, ಮುಖದ ಮ್ಯಾಲೆ ಬೀಳೋ ಆ ದುಂಡು ಉಂಗುರದ ಸವೆತವೂ ನಿಲ್ತದ.

ಗೋರೆಗಾಂವ್ ಗ್ರಾಮಫೋನ್

ಇಬ್ಬರಿಗೂ ತುಂಬಾ ಧನ್ಯವಾದ. ಹೊರಚೀಲ ಅಂದಾಗ ನೆನಪಾಯಿತು: ಈಗ ಇರುವುದು ದಪ್ಪ, ಮೃದು ಪ್ಲಾಸ್ಟಿಕ್ ಚೀಲಗಳು, ಒಂದು ಥರ ವಾಸನೆ ಇದೆ. ಕಪಾಟಿನಲ್ಲಿ ನುಸಿಗುಳಿಗೆಯೂ ಇಟ್ಟಿದ್ದೇನೆ. ಇದು ಸರಿಯೇ? ಚೌಕಟ್ಟಿನ ಬಗ್ಗೆಯೂ ಯಾರಾದರೂ ಹೇಳಿ.

ಮಡಗಾಂವ್ ಮೊನೊ

ಎರಡೂ ತಪ್ಪು ಸರ್, ಇವತ್ತೇ ತೆಗೆಯಿರಿ. ವಾಸನೆ ಬರುವ ಮೃದು ಚೀಲ ಪಿವಿಸಿ. ಅದನ್ನು ಮೃದುವಾಗಿಡಲು ಸೇರಿಸಿದ ಎಣ್ಣೆಯಂಥ ರಾಸಾಯನಿಕ ಬಿಸಿಗೆ ಹೊರಬರುತ್ತದೆ, ಲ್ಯಾಮಿನೇಶನ್ನಿಗೆ ಅಂಟಿಕೊಳ್ಳುತ್ತದೆ, ಒಳಗಿನ ತಟ್ಟೆಗೂ ಮಂಜು ಬಳಿದ ಹಾಗೆ ಕಲೆ ಬೀಳುತ್ತದೆ. ಆ ಕಲೆ ತೊಳೆದರೆ ಹೋಗುವುದಲ್ಲ. ಪಾಲಿಪ್ರೊಪೈಲಿನ್ ಅಥವಾ ಪಾಲಿಥೀನ್ ಚೀಲ ತನ್ನಿ, 32 ಸೆಂ.ಮೀ.ಗಿಂತ ಸ್ವಲ್ಪ ದೊಡ್ಡದು, ಬಾಯಿ ತೆರೆದದ್ದು. ಅಂಟುಪಟ್ಟಿ ಇರುವ ಬಾಯಿ ಬೇಡ, ಒಂದು ದಿನ ಆ ಅಂಟು ಕವರಿಗೇ ಹಿಡಿಯುತ್ತದೆ. ನುಸಿಗುಳಿಗೆಯ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗಾಗಿಸುತ್ತದೆ, ಅದನ್ನು ಬಟ್ಟೆಗೆ ಇಟ್ಟುಕೊಳ್ಳಿ.

ಹುಳ ಇದೆ ಅಂತ ಅನುಮಾನವಿದ್ದರೆ ಕವರನ್ನು ಮಾತ್ರ, ತಟ್ಟೆ ಹೊರಗೆ ತೆಗೆದು, ಎರಡು ಪಾಲಿಥೀನ್ ಚೀಲದೊಳಗೆ ಗಾಳಿ ತೆಗೆದು ಮುಚ್ಚಿ ಡೀಪ್ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬಾರದು. ಬಿಚ್ಚಿದರೆ ಹೊರಗಿನ ತೇವವೆಲ್ಲ ತಣ್ಣಗಿನ ಕವರಿನ ಮೇಲೆ ಹನಿಯಾಗಿ ಕೂರುತ್ತದೆ.

ಪಶ್ಚಿಮದ ಹೊರಗೋಡೆಯನ್ನು ಬಿಟ್ಟುಬಿಡಿ. ಮುಂಬಯಿಗೂ ಗೋವಾಕ್ಕೂ ಮಳೆ ನೈಋತ್ಯದಿಂದಲೇ ಹೊಡೆಯುವುದು. ಹೊರಗೆ ಬಣ್ಣ ಎಷ್ಟು ಚೆನ್ನಾಗಿದ್ದರೂ ಆ ಗೋಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ನೀರು ಕುಡಿಯುತ್ತದೆ, ಚೌಕಟ್ಟಿನ ಹಿಂದೆ ಗಾಳಿ ಆಡದ ಜಾಗದಲ್ಲಿ ಮೊದಲು ಬೂಷ್ಟು. ಎರಡು ಕೋಣೆಗಳ ನಡುವಿನ ಒಳಗೋಡೆಯೇ ಸರಿ, ಕಿಟಕಿಯ ಬಿಸಿಲು ನೇರ ಬೀಳದಂಥದ್ದು.

ಚೌಕಟ್ಟಿನ ಅಂಗಡಿಯಲ್ಲಿ “ಎಲ್‌ಪಿ ಸೈಜ್, 12 ಇಂಚು” ಅಂದರೆ ಅವರು 30.5 ಸೆಂ.ಮೀ.ದು ಮಾಡಿಕೊಡುತ್ತಾರೆ. 12 ಇಂಚು ಇರುವುದು ತಟ್ಟೆ. ಕವರ್ ಸುಮಾರು 31.5 ಸೆಂ.ಮೀ. ಹಾಗೆ ಮಾಡಿಸಿದವರು ಕೊನೆಗೆ ಕವರಿನ ಅಂಚು ಕತ್ತರಿಸಿ ಕೂರಿಸಿದ್ದೂ ಇದೆ, ನೋಡಿದರೆ ಸಂಕಟವಾಗುತ್ತದೆ. ಒಳಗಾಲುವೆಯ (ಚೌಕಟ್ಟಿನೊಳಗೆ ಕವರ್ ಕೂರುವ ಜಾಗದ) ಅಳತೆ 32 ಸೆಂ.ಮೀ. ಅಂತ ಬರೆದೇ ಕೊಡಿ.

ಗಾಜಾಗಲಿ ಅಕ್ರಿಲಿಕ್ಕಾಗಲಿ ಲ್ಯಾಮಿನೇಶನ್ನಿಗೆ ತಾಗಬಾರದು. ತಾಗಿದರೆ ಮಳೆಗಾಲದಲ್ಲಿ ಎರಡೂ ಅಂಟಿಕೊಳ್ಳುತ್ತವೆ, ಬಿಡಿಸುವಾಗ ಬಣ್ಣ ಗಾಜಿಗೆ ಬರುತ್ತದೆ. ನಡುವೆ ಆಮ್ಲರಹಿತ ಮೌಂಟ್ ಬೋರ್ಡ್ ಎಂಬ ಕಿಂಡಿಯಿರುವ ರಟ್ಟು ಇಡಿಸಿ, ಅದರ ಕಿಂಡಿ ಕವರಿನ ನಾಲ್ಕೂ ಅಂಚನ್ನು 3 ಮಿ.ಮೀ. ಮಾತ್ರ ಮುಚ್ಚಲಿ. ಈ ಕವರ್‌ಗಳಲ್ಲಿ ಮೂಲೆಯ ಲೋಗೊ, ‘ಸ್ಟಿರಿಯೊ’ ಅಂತ ದೊಡ್ಡದಾಗಿ ಬರೆದ ಪಟ್ಟಿ ಇವೆಲ್ಲ ತುದಿಗೇ ಇರುತ್ತವೆ, ಅವನ್ನು ಮುಚ್ಚಿದರೆ ಅರ್ಧ ಮಜಾ ಹೋಯಿತು. ಕವರನ್ನು ಹಿಡಿದಿಡಲು ಪಾಲಿಯೆಸ್ಟರ್ ಫೋಟೊ ಮೂಲೆಗಳು ಸಾಕು, ಡಬಲ್ ಸೈಡ್ ಟೇಪ್ ಬೇಡ. ಹಿಂಬದಿಗೆ ಅಂಗಡಿಯವರು ಹಾರ್ಡ್‌ಬೋರ್ಡ್ ಹಾಕುತ್ತಾರೆ. ಅದು ತೇವ ಹೀರುತ್ತದೆ, ಆಮ್ಲ ಬಿಡುತ್ತದೆ. ಬದಲಿಗೆ 3 ಮಿ.ಮೀ. ಸನ್‌ಪ್ಯಾಕ್ ಶೀಟ್ (ಒಳಗೆ ಟೊಳ್ಳಿರುವ ಪ್ಲಾಸ್ಟಿಕ್ ಹಾಳೆ) ಹಾಕಿಸಿ, ಸುತ್ತಲೂ ಅಲ್ಯೂಮಿನಿಯಂ ಫಾಯಿಲ್ ಟೇಪ್. ಚೌಕಟ್ಟಿನ ನಾಲ್ಕು ಮೂಲೆಗೆ ಹಿಂದಿನಿಂದ 10 ಮಿ.ಮೀ. ಬೆಂಡಿನ (ಕಾರ್ಕ್) ತುಂಡು ಅಂಟಿಸಿದರೆ ಗೋಡೆಗೂ ಚೌಕಟ್ಟಿಗೂ ನಡುವೆ ಗಾಳಿ ಓಡಾಡುತ್ತದೆ. ಒಳಗೆ ತಟ್ಟೆ ಇಟ್ಟು ಚೌಕಟ್ಟು ಹಾಕಬೇಡಿ.

ಬಣ್ಣದ ಮಾತು. ಅಚ್ಚಿನ ನಾಲ್ಕು ಶಾಯಿಗಳಲ್ಲಿ ಬೆಳಕಿಗೆ ಮೊದಲು ಮಾಸುವುದು ಕೆಂಪು-ನೇರಳೆ ಮತ್ತು ಹಳದಿ. ನೀಲಿ, ಕಪ್ಪು ನಿಲ್ಲುತ್ತವೆ. ಅದಕ್ಕೇ ಅಂಗಡಿ ಕಿಟಕಿಯಲ್ಲಿ ಇದ್ದ ಕವರ್‌ಗಳಲ್ಲಿ ಎಲ್ಲರೂ ನೀಲಿ ಮುಖದವರು. ನಿಮ್ಮ ಗುಲಾಬಿ ನಾಯಕ ಗುಲಾಬಿಯಾಗಿಯೇ ಇರಬೇಕಾದರೆ ಯುವಿ ತಡೆಯುವ 3 ಮಿ.ಮೀ. ಅಕ್ರಿಲಿಕ್ ಹಾಕಿಸಿ. ಆದರೂ ಕಣ್ಣಿಗೆ ಕಾಣುವ ಬೆಳಕೂ ಮಾಸಿಸುತ್ತದೆ, ಯುವಿ ತಡೆದರೆ ಎಲ್ಲ ಮುಗಿಯಿತು ಅಂತಲ್ಲ. 12 ಚೌಕಟ್ಟು ಮಾಡಿಸಿ, ಮೂರು ತಿಂಗಳಿಗೊಮ್ಮೆ ಒಳಗಿನ ಕವರ್ ಬದಲಿಸಿ. 40 ಇದೆಯಲ್ಲ, ಒಂದೊಂದಕ್ಕೂ ವರ್ಷದ ಬಹುಪಾಲು ಕತ್ತಲೆ ಸಿಗುತ್ತದೆ.

ಉಳಿದವನ್ನು ನಿಲ್ಲಿಸಿ ಇಡಿ, ಒಂದರ ಮೇಲೊಂದು ಮಲಗಿಸಬೇಡಿ. ಎರಡು ಬೆರಳು ತೂರುವಷ್ಟು ಸಡಿಲ ಇರಲಿ. ಮಳೆಗಾಲಕ್ಕೆ ಬಿಗಿ ಮುಚ್ಚಳದ 50 ಲೀಟರ್ ಡಬ್ಬಿ, ಅದರೊಳಗೆ ಬಟ್ಟೆ ಚೀಲದಲ್ಲಿ ತೇವ ಹೀರುವ 250 ಗ್ರಾಂ ಸಿಲಿಕಾ ಜೆಲ್, ಕಿತ್ತಳೆಯಿಂದ ಹಸಿರಿಗೆ ತಿರುಗುವ ಬಗೆಯದು. ಬಣ್ಣ ತಿರುಗಿದಾಗ ಓವನ್‌ನಲ್ಲಿ 120 ಡಿಗ್ರಿಗೆ ಎರಡು ಗಂಟೆ. ಡಬ್ಬಿಯಲ್ಲಿ ಒಂದು ಸಣ್ಣ ತೇವಮಾಪಕ ಇಡಿ: ಶೇಕಡಾ 45ರಿಂದ 55 ಒಳ್ಳೆಯದು, 65 ದಾಟಿದರೆ ಬೂಷ್ಟಿಗೆ ಆಮಂತ್ರಣ, 30ರ ಕೆಳಗೆ ಹೋದರೆ ಕಾಗದ ಕುಗ್ಗಿ ಫಿಲ್ಮ್ ಕುಗ್ಗದೆ ಕವರ್ ದೋಣಿಯಂತೆ ಬಾಗುತ್ತದೆ. ಆಗ ಜೆಲ್ ಅರ್ಧ ತೆಗೆಯಿರಿ.

ದಾದರ್ ಡೆಡ್‌ವ್ಯಾಕ್ಸ್

ನಕಲಿನ ಪ್ರಶ್ನೆ ಉಳಿದಿದೆ. ಮೊದಲು ಬೆರಳು, ಆಮೇಲೆ ಭೂತಗನ್ನಡಿ. ಮಡಿಕೆ, ಗೀರು, ಉಂಗುರದ ಸವೆತ ಕಣ್ಣಿಗೆ ಕಾಣುತ್ತದೆ, ಬೆರಳಿಗೆ ನುಣುಪು ಅಂತಾದರೆ ಅದು ಹಳೆ ಕವರನ್ನು ಸ್ಕ್ಯಾನ್ ಮಾಡಿ ಅಚ್ಚು ಹಾಕಿದ್ದು. 10 ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಹಳೆ ಆಫ್‌ಸೆಟ್ ಅಚ್ಚಿನ ಮುಖದ ಬಣ್ಣ ಸಣ್ಣ ಸಣ್ಣ ಚುಕ್ಕಿಗಳ ಹೂವಿನಂತೆ ಕಾಣುತ್ತದೆ, ಅಕ್ಷರಗಳ ಅಂಚು ಮಾತ್ರ ಗಟ್ಟಿ, ಚುಕ್ಕಿಯಿಲ್ಲ. ನಕಲಿನಲ್ಲಿ ಅಕ್ಷರವೂ ಚುಕ್ಕಿ ಚುಕ್ಕಿ. ಬೆನ್ನಿನ ಸಣ್ಣ ಅಕ್ಷರಗಳನ್ನು ನೋಡಿ, ಅಲ್ಲೇ ಸಿಕ್ಕಿಬೀಳುತ್ತದೆ. ಬಾರ್‌ಕೋಡ್ ಇದ್ದರೆ 60ರ ದಶಕದ್ದಂತೂ ಅಲ್ಲ. ನೇರಳೆ ಟಾರ್ಚಿನಲ್ಲಿ ಹೊಳೆದರೆ ನಕಲು ಅನ್ನುವುದನ್ನು ನಂಬಬೇಡಿ, ಕಾಗದಕ್ಕೆ ಹೊಳಪುಕಾರಕ ಸೇರಿಸುವುದು 50ರ ದಶಕದಿಂದಲೇ ಇದೆ. ಬಣ್ಣ ಹೊಸದಾಗಿ ಕಂಡಿತು ಅಂತ ಮಾತ್ರಕ್ಕೆ ನಕಲು ಅನ್ನಲೂ ಬೇಡಿ. ಕತ್ತಲೆಯ ಕಪಾಟಿನಲ್ಲಿದ್ದರೆ ಅಚ್ಚು ಅಷ್ಟೇ ಕೆಂಪಾಗಿ ಉಳಿದಿರುತ್ತದೆ.

ಮುಂದೆ ಕೊಳ್ಳುವಾಗ ಕವರಿನ ಸಂಖ್ಯೆಯನ್ನು ತಟ್ಟೆಯ ಲೇಬಲ್ ಸಂಖ್ಯೆಯ ಜೊತೆ ಹೊಂದಿಸಿ ನೋಡಿ. ಕವರಿನಲ್ಲಿ ‘ಇಸಿಎಲ್‌ಪಿ’ ಅಂತ ಎಚ್‌ಎಂವಿ ಸಂಖ್ಯೆ, ಒಳಗೆ ‘ಎಂಒಸಿಇ’ ಅಂತ ಓಡಿಯನ್ ತಟ್ಟೆ, ಇಂಥದ್ದು ಬೇಕಾದಷ್ಟು. ಎರಡೂ ಒಂದೇ ಗ್ರಾಮಫೋನ್ ಕಂಪನಿಯ ಲೇಬಲ್‌ಗಳು, ಆದರೆ ಬೇರೆ ಬೇರೆ ತಟ್ಟೆ. ನಿಮಗೆ ಕವರಷ್ಟೇ ಬೇಕಾಗಿರುವುದರಿಂದ ಇಂಥ ಬೆರಕೆ ನಿಮಗೆ ಲಾಭ, ಬೆಲೆ ಇಳಿಸಿ ಕೇಳಿ. ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ ಹೋಗುವುದಾದರೆ ಶುಕ್ರವಾರ ಅಲ್ಲಿನ ಅಂಗಡಿಗಳು ಮುಚ್ಚಿರುತ್ತವೆ, ಬೇರೆ ದಿನ ನೋಡಿ.

ಯಾವ 12 ಮೊದಲು ಗೋಡೆಗೆ ಅನ್ನುವುದನ್ನು ನೀವು ಕೇಳಿಲ್ಲ, ಆದರೂ ಹೇಳಬೇಕೆನಿಸುತ್ತಿದೆ. 78ರ ತಟ್ಟೆಗಳು (ನಿಮಿಷಕ್ಕೆ 78 ಸುತ್ತಿನವು, ಎಲ್‌ಪಿಗಿಂತ ಹಳೆಯವು) ನಮ್ಮಲ್ಲಿ ಹೆಚ್ಚಾಗಿ ಬರುತ್ತಿದ್ದದ್ದು ನಡುವೆ ದುಂಡು ಕಿಂಡಿಯಿದ್ದ ಸಾದಾ ಕಾಗದದ ಚೀಲದಲ್ಲಿ. ಅಮೆರಿಕದಲ್ಲಿ ಕೊಲಂಬಿಯಾ ಕಂಪನಿಗೆ ಅಲೆಕ್ಸ್ ಸ್ಟೈನ್‌ವೈಸ್ 1940ರ ಹೊತ್ತಿಗೆ ಚಿತ್ರವಿರುವ ಕವರ್ ಮಾಡಿದರು, 1948ರಲ್ಲಿ ಎಲ್‌ಪಿ ಬಂದ ಮೇಲೆ ಒಂದಡಿ ಚೌಕದ ಆ ಜಾಗ ಪೂರ್ತಿ ಚಿತ್ರಕಾರರ ಕೈಗೆ ಸಿಕ್ಕಿತು. ನಮ್ಮ ಸಿನಿಮಾ ಕವರ್‌ಗಳ ಅಬ್ಬರ ಬಂದದ್ದು ಪೋಸ್ಟರಿನ ಕಸುಬಿನಿಂದ: ಕಪ್ಪು-ಬಿಳುಪು ಫೋಟೊ ಕತ್ತರಿಸಿ ಅಂಟಿಸು, ಮೇಲೆ ಬಣ್ಣ ಬಳಿ, ಹೀರೋನ ತಲೆ ದೊಡ್ಡದು ಮಾಡು, ಶೀರ್ಷಿಕೆಯನ್ನು ಕೈಯಲ್ಲೇ ಬೆಂಕಿಯಂತೆಯೋ ಹಿಮದಂತೆಯೋ ಬರೆ. ರಸ್ತೆಯಾಚೆಯಿಂದ ಕಾಣಬೇಕಾದ ಬಣ್ಣವನ್ನು ಒಂದಡಿ ಚೌಕಕ್ಕೆ ಇಳಿಸಿದಾಗ ಅದು ಕಿರುಚುತ್ತದೆ, ಆ ಕಿರುಚಾಟವೇ ನಮಗೆ ಇಷ್ಟವಾಗುವುದು. ವಿದೇಶಿಯದರಲ್ಲೂ ಹೀಗೆ ಮನಸ್ಸಿಟ್ಟು ಮಾಡಿದ ಕೆಲಸ ಇದೆ. 1965ರ, ಅಮೆರಿಕದ ಟ್ರಂಪೆಟ್ ವಾದಕ ಹರ್ಬ್ ಆಲ್ಪರ್ಟ್ ಅವರ ‘ವಿಪ್ಡ್ ಕ್ರೀಮ್ ಅಂಡ್ ಅದರ್ ಡಿಲೈಟ್ಸ್’ ಕವರಿನಲ್ಲಿ ಹುಡುಗಿಯ ಮೈಮೇಲಿರುವುದು ಬಹುಪಾಲು ಶೇವಿಂಗ್ ಕ್ರೀಮ್. ನಿಜವಾದ ಕೆನೆ ಸ್ಟುಡಿಯೊ ದೀಪದ ಬಿಸಿಗೆ ನಿಲ್ಲುವುದಿಲ್ಲ.

ಆದ್ದರಿಂದ ನನ್ನ ಆಯ್ಕೆ: ವಾದ್ಯಸಂಗೀತದ ಏಳೆಂಟು ಮೊದಲು. ಸಿನಿಮಾ ಕವರಿಗೆ ಪೋಸ್ಟರಿನ ಚಿತ್ರವಾದರೂ ಕೈಗೆ ಸಿಗುತ್ತಿತ್ತು, ಇವಕ್ಕೆ ಚಿತ್ರಕಾರ ಎಲ್ಲವನ್ನೂ ತಾನೇ ಹುಟ್ಟಿಸಬೇಕಿತ್ತು, ಹಾಗಾಗಿ ಅತಿ ಹೆಚ್ಚು ಧೈರ್ಯ ಇವುಗಳಲ್ಲೇ ಕಾಣುತ್ತದೆ.

ಗೋಡೆಗೆ ಹೋಗುವ ಮೊದಲು ಪ್ರತಿಯೊಂದನ್ನೂ ಸ್ಕ್ಯಾನ್ ಮಾಡಿ. ಎ4 ಸ್ಕ್ಯಾನರಿನಲ್ಲಿ ನಾಲ್ಕು ತುಂಡು, ಎ3ಯಲ್ಲಿ ಎರಡು. ತುಂಡುಗಳು ಒಂದರ ಮೇಲೊಂದು ಕನಿಷ್ಠ 3 ಸೆಂ.ಮೀ. ಹಾಯಲಿ, ಹ್ಯೂಜಿನ್ ಎಂಬ ಉಚಿತ ತಂತ್ರಾಂಶದಲ್ಲಿ ಜೋಡಿಸಬಹುದು. 600 ಡಿಪಿಐಯಲ್ಲಿ ಮಾಡಿ, ಆಮೇಲೆ 300ಕ್ಕೆ ಇಳಿಸಿ. ನೇರ 300ರಲ್ಲಿ ಮಾಡಿದರೆ ಅಚ್ಚಿನ ಚುಕ್ಕಿ ಮತ್ತು ಸ್ಕ್ಯಾನರಿನ ಗೆರೆ ಸಿಕ್ಕಾಗಿ ಮುಖದ ಮೇಲೆ ರೇಷ್ಮೆ ಸೀರೆಯಂಥ ಅಲೆ ಬರುತ್ತದೆ. ಕೊನೆಯಲ್ಲಿ ಒಂದು ಕವರಿಗೆ ಸುಮಾರು 3,700 ಪಿಕ್ಸೆಲ್ ಚೌಕ. ಸ್ಕ್ಯಾನರಿನ ‘ಆಟೊ ಕಲರ್’, ‘ರಿಸ್ಟೋರ್’ ಎರಡನ್ನೂ ಮೊದಲೇ ಬಂದ್ ಮಾಡಿ. ತುಟಿಯ ಕೆಂಪು ತುಟಿಯಿಂದ ಅರ್ಧ ಮಿಲಿಮೀಟರ್ ಹೊರಗೆ ಸರಿದಿರುತ್ತದೆ, ಅಚ್ಚಿನ ಪ್ಲೇಟುಗಳು ಸರಿಯಾಗಿ ಕೂರದೆ ಆದದ್ದು. ಅದು ಹಾಗೇ ಇರಲಿ. ಯಂತ್ರ ಬಣ್ಣವನ್ನು ತಪ್ಪು ಅಂದುಕೊಂಡು ತಿದ್ದಿ, ಚರ್ಮದ ಗುಲಾಬಿಯನ್ನು ಗೋಧಿಬಣ್ಣ ಮಾಡಿಬಿಡಬಹುದು. ನಿಮಗೆ ಬೇಕಾದದ್ದು ಆ ಗುಲಾಬಿಯೇ.